ಟ್ಯಾಲಿಯಲ್ಲಿ ಹೊಸ ಕಂಪನಿ: ಗಡಿಯಾಚೆ ಮಾರುವವರಿಗೆ

ಬದಿಯಡ್ಕದ ಅಡಿಕೆ ವ್ಯಾಪಾರಿಗಳಿಗೆ ಲೆಕ್ಕ ಬರೆದುಕೊಡುವುದು ನನ್ನ ಕೆಲಸ. ಹೊಸದಾಗಿ ಟ್ಯಾಲಿ ಪ್ರೈಮ್ ಎಂಬ ಲೆಕ್ಕದ ಸಾಫ್ಟ್‌ವೇರ್ ಹಾಕಿಸಿಕೊಂಡವರಿಗೆ ನಾನು ಹೇಳುವುದು ಇಷ್ಟು.

ಆಲ್ಟ್ ಮತ್ತು ಕೆ ಒಟ್ಟಿಗೆ ಒತ್ತಿ, ಕ್ರಿಯೇಟ್ ಆರಿಸಿ. ಹೆಸರು, ವಿಳಾಸ ಜಿಎಸ್‌ಟಿ ಸರ್ಟಿಫಿಕೇಟಿನಲ್ಲಿ ಇರುವ ಹಾಗೆಯೇ ಇರಲಿ. ಆರ್ಥಿಕ ವರ್ಷ ಏಪ್ರಿಲ್ 1ರಿಂದ. ವ್ಯಾಪಾರ ನಡುವೆ ಶುರುವಾಗಿದ್ದರೆ ಬುಕ್ಸ್ ಬಿಗಿನಿಂಗ್, ಅಂದರೆ ಲೆಕ್ಕ ಶುರುವಾಗುವ ದಿನಾಂಕ ಮಾತ್ರ ಬದಲಿಸಿ.

ರಾಜ್ಯ ಮಾತ್ರ ಜಾಗ್ರತೆ! ಮನೆಮಾತು ಕನ್ನಡ, ಮಾಲು ಹೋಗುವುದು ಮಂಗಳೂರಿಗೆ. ಆದರೆ ಅಂಗಡಿ ಇರುವುದು ಕೇರಳದಲ್ಲಿ ಅಲ್ವಾ? ನಮ್ಮ ಜಿಎಸ್‌ಟಿ ನಂಬರ್ 32ರಿಂದ ಶುರು, ಕರ್ನಾಟಕದ್ದು 29ರಿಂದ. ಕೇರಳದೊಳಗೇ ಇರುವ ಕುಂಬಳೆಯವರಿಗೆ ಒಣ ಅಡಿಕೆ ಮಾರಿದರೆ 5% ತೆರಿಗೆ ಎರಡು ಪಾಲಾಗುತ್ತದೆ: ಕೇಂದ್ರದ ಪಾಲು ಸಿಜಿಎಸ್‌ಟಿ 2.5%, ರಾಜ್ಯದ ಪಾಲು ಎಸ್‌ಜಿಎಸ್‌ಟಿ 2.5%. ಮಂಗಳೂರಿನವರಿಗೆ ಮಾರಿದರೆ ಇಡೀ 5% ಐಜಿಎಸ್‌ಟಿ, ಅಂದರೆ ರಾಜ್ಯದಿಂದ ರಾಜ್ಯಕ್ಕೆ ಮಾರುವಾಗಿನ ತೆರಿಗೆ. ಹಾಗಾಗಿ ಡ್ಯೂಟೀಸ್ ಆಂಡ್ ಟ್ಯಾಕ್ಸಸ್ ಗುಂಪಿನಲ್ಲಿ ಈ ಮೂರು ತೆರಿಗೆಗೂ ಒಂದೊಂದು ಲೆಡ್ಜರ್ (ಖಾತೆ) ಮಾಡಿಡಿ. ಪ್ರತಿ ಪಾರ್ಟಿಯ ಲೆಡ್ಜರಿನಲ್ಲೂ ರಾಜ್ಯ ತುಂಬಿಸಿ. ಸುಮ್ನೆ ಎಂಟರ್ ಒತ್ತುತ್ತಾ ಹೋದರೆ ಬಿಲ್ಲಿನಲ್ಲಿ ತೆರಿಗೆ ತಪ್ಪುತ್ತದೆ, ಮತ್ತೆ ರಿಟರ್ನ್ ಹಾಕುವಾಗ ತಲೆಬಿಸಿ.

ಕೊಳ್ಳುವವರನ್ನು ಸಂಡ್ರಿ ಡೆಟರ್ಸ್, ನಮಗೆ ಮಾರುವವರನ್ನು ಸಂಡ್ರಿ ಕ್ರೆಡಿಟರ್ಸ್ ಗುಂಪಿಗೆ ಹಾಕಿ.

ಅಂಗಡಿಯ ಹುಡುಗರಿಗೆ ಬೇರೆ ಯೂಸರ್ ಮಾಡಿಕೊಡಿ. ಮಾಲೀಕರ ಪಾಸ್‌ವರ್ಡ್ ಎಲ್ಲರ ಬಾಯಲ್ಲಿ ಇರಬಾರದು. ಕಂಪನಿಯ ಇಡೀ ಲೆಕ್ಕಕ್ಕೆ ಬೀಗ ಹಾಕುವ ಟ್ಯಾಲಿ ವಾಲ್ಟ್ ಪಾಸ್‌ವರ್ಡ್ ಇಟ್ಟರೆ ಕಾಗದದಲ್ಲಿ ಬರೆದು ಬೀಗ ಹಾಕಿಡಿ. ಮರೆತರೆ ತೆಗೆದುಕೊಡುವವರಿಲ್ಲ. ಸಂಜೆ ಬಾಗಿಲು ಹಾಕುವ ಮೊದಲು ಆಲ್ಟ್ ಮತ್ತು ವೈ ಒತ್ತಿ, ಪೆನ್ ಡ್ರೈವಿಗೆ ಬ್ಯಾಕಪ್ ತೆಗೆಯಿರಿ.