ಭೀಮೆಯಿಂದ ಕಡಲಿಗೆ ಗಾಳ ಒಯ್ಯೋರಿಗೆ

ಕಾರವಾರ, ಮಲ್ಪೆ ಕಡೆ ಗಾಳ ಹಾಕಲಿಕ್ಕೆ ಹೊಂಟವರು ಇದಿಷ್ಟು ಓದ್ರಿ. ಭೀಮಾದಾಗ ಕಟ್ಲಾ, ರೋಹುಗೆ ಹಾಕೋ ಹಿಟ್ಟಿನ ಉಂಡಿ ಅಲ್ಲಿ ನಡೆಯಂಗಿಲ್ಲ. ಎರಡು ತೆರಿ ಬಡಿದ್ರ ಕರಗಿ ಹೋಗ್ತದ. ತಾಜಾ ಸೀಗಡಿ ಸಿಕ್ಕಿಸ್ರಿ. ಗಡಿಯಾರಕ್ಕಿಂತ ಭರತ-ಇಳಿತ ನೋಡ್ರಿ: ಒಂದು ಭರತದಿಂದ ಇನ್ನೊಂದಕ್ಕ ಸುಮಾರು 12 ತಾಸು 25 ನಿಮಿಷ, ಅಂದ್ರ ದಿನಾ 50 ನಿಮಿಷ ತಡ ಆಗ್ಕೋತ ಹೋಗ್ತದ. ಬಂಡಿಗಲ್ಲಿನ ಮ್ಯಾಲ ನಿಂತು ಕಡಲಿಗೆ ಬೆನ್ನು ಮಾಡಬ್ಯಾಡ್ರಿ.

ಗಾಳದ ದಾರ ಸುತ್ತೋ ರೀಲು ಮಾತ್ರ ಅವತ್ತೇ ಸಿಹಿನೀರಾಗ ತೊಳೀರಿ. ನಾ ಹಂಗೇ ಚೀಲದಾಗ ತುಂಬಿಕೊಂಡು ಯಾದಗಿರಿಗೆ ಬಂದೆ. ನಾಕು ದಿನಕ್ಕ ಹಿಡಿಕಿ ಕರಕರ ಅಂತು, ಬಿಚ್ಚಿದ್ರ ಬೇರಿಂಗ್ ತುಂಬ ತುಕ್ಕು, ಬಿಳಿ ಉಪ್ಪು. ನಳದ ನೀರು ಜೋರಾಗಿ ಬಿಡಬ್ಯಾಡ್ರಿ, ಉಪ್ಪು ಇನ್ನೂ ಒಳಗ ನುಗ್ತದ. ಸಣ್ಣಗ ತೊಳೆದು, ನೆರಳಾಗ ಒಣಗಿಸಿ, ಒಂದು ಹನಿ ಎಣ್ಣಿ ಬಿಡ್ರಿ.