ಜರ್ಮನಿ, ಸ್ವೀಡನ್ ಕಡೆಯಿಂದ ಆಫರ್ ಬಂದ್ರೆ ಮೊದ್ಲು ಏನು ಕೇಳ್ಬೇಕು

ಪೀಣ್ಯದ ಸಿಎನ್‌ಸಿ ಆಪರೇಟರಿಂದ ಹಿಡಿದು ವೈಟ್‌ಫೀಲ್ಡ್ ಟೆಕ್ಕಿವರೆಗೂ ಈಗ ಜರ್ಮನಿ ಜರ್ಮನಿ ಅಂತಾರೆ, ಆಫರ್ ಲೆಟರ್ ಬಂದ ತಕ್ಷಣ ಯೂರೋನ ರೂಪಾಯಿಗೆ ಗುಣಿಸಿ ನೋಡೋದೇ ಮೊದಲ ಕೆಲ್ಸ. ಗುಣಿಸಿ, ಬೇಡ ಅನ್ನಲ್ಲ, ಆದ್ರೆ ಈ ಸಂಬಳ ಯಾರು ಕೂತು ಫಿಕ್ಸ್ ಮಾಡಿದ್ದು, ಆ ಒಪ್ಪಂದ ಯಾರ್ಯಾರಿಗೆ ಅನ್ವಯ ಅಂತ ಮೊದ್ಲು ತಿಳ್ಕೊಳ್ಳಿ.

ನಮ್ಮಲ್ಲಿ ವೇಜ್ ಸೆಟಲ್‌ಮೆಂಟ್ (ಸಂಬಳದ ಒಪ್ಪಂದ) ಅಂದ್ರೆ ಹೆಚ್ಚಾಗಿ ಒಂದು ಕಂಪನಿ, ಅದರ ಯೂನಿಯನ್ನು, ಅಷ್ಟೇ. ಪಕ್ಕದ ಶೆಡ್ಡಿನೋರಿಗೆ ಅದು ಸಂಬಂಧವೇ ಇಲ್ಲ, ಅದೇ ಗೇಟಲ್ಲಿ ಒಳಗೆ ಬರೋ ಕಾಂಟ್ರಾಕ್ಟ್ ಹುಡುಗ್ರಿಗೂ ಸಾಮಾನ್ಯವಾಗಿ ಸಿಗಲ್ಲ. 1980-81ರಲ್ಲಿ ಬೆಂಗಳೂರಿನ ಸರ್ಕಾರಿ ಕಂಪನಿಗಳಾದ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿಯೋರೆಲ್ಲ ಒಟ್ಟಿಗೆ ಸ್ಟ್ರೈಕಿಗೆ ಇಳಿದಿದ್ದೇ ಇನ್ನೊಂದು ಸರ್ಕಾರಿ ಕಂಪನಿ ಬಿಎಚ್‌ಇಎಲ್‌ನೋರಿಗೆ ಸಿಕ್ಕಿದ್ದು ನಮಗೂ ಸಿಗ್ಲಿ ಅಂತ. ಈ ಲೆಕ್ಕ ಇಟ್ಕೊಂಡು ಯೂರೋಪ್ ನೋಡಿದ್ರೆ ಎಡವಟ್ಟಾಗುತ್ತೆ.

ಜರ್ಮನಿಲಿ ಐಜಿ ಮೆಟಾಲ್ ಯೂನಿಯನ್ನು, ಮಾಲೀಕರ ಸಂಘ ಕೂತು ಒಂದು ಪ್ರಾಂತ್ಯದ ಮೆಟಲ್ ಇಂಡಸ್ಟ್ರಿಗೇ ರೇಟ್ ಕಟ್ತಾರೆ. ಆದ್ರೆ ಎಲ್ಲ ಕಂಪನಿನೂ ಅದ್ರಲ್ಲಿ ಇರಲ್ಲ, ಎಲ್ಲ ಇಂಡಸ್ಟ್ರಿನೂ ಸೇರಿಸಿ ಲೆಕ್ಕ ಹಾಕಿದ್ರೆ ಈಗ ಸುಮಾರು ಅರ್ಧದಷ್ಟು ನೌಕರರು ಮಾತ್ರ ಇಂಥ ಒಪ್ಪಂದದೊಳಗೆ ಬರ್ತಾರೆ, ಅದಕ್ಕೇ ಎಚ್‌ಆರ್‌ಗೆ ನಾಚ್ಕೊಳ್ದೆ ಕೇಳಿ: ನಿಮ್ಮಲ್ಲಿ ಟಾರಿಫ್‌ಫರ್ಟ್ರಾಗ್ (ಯೂನಿಯನ್ ಜೊತೆ ಮಾಡ್ಕೊಂಡ ಸಂಬಳದ ಒಪ್ಪಂದ) ಇದ್ಯಾ, ನನ್ನನ್ನ ಯಾವ ಗ್ರೇಡಿಗೆ ಹಾಕ್ತೀರಾ? ಇದೆ ಅಂದ್ರೆ ಆ ಗ್ರೇಡಿನ ಟೇಬಲ್ ಇಂಟರ್ನೆಟ್ಟಲ್ಲೇ ಸಿಗುತ್ತೆ, ನಿಮಗೆ ಒಂದು ಗ್ರೇಡ್ ಕಮ್ಮಿ ಹಾಕಿದ್ದಾರಾ ಅಂತ ಅಲ್ಲೇ ಗೊತ್ತಾಗುತ್ತೆ.

ಸ್ವೀಡನ್‌ನಲ್ಲಿ ಕನಿಷ್ಠ ವೇತನದ ಕಾನೂನೇ ಇಲ್ಲ! ಹತ್ತರಲ್ಲಿ ಹೆಚ್ಚುಕಮ್ಮಿ ಒಂಬತ್ತು ಜನಕ್ಕೆ ಒಪ್ಪಂದನೇ ಆಧಾರ, ಕಂಪನಿ ಕಡೆಯ ಪೆನ್ಷನ್ನೂ ಸಾಮಾನ್ಯವಾಗಿ ಅದ್ರಿಂದಲೇ ಬರೋದು. ಕೆಳಗಿನ ಸಂಬಳ ಮೇಲಕ್ಕೆ ಎತ್ತಿ ಹಿಡಿದಿರೋದ್ರಿಂದ ಫ್ರೆಶರ್‌ಗೂ ಸೀನಿಯರ್‌ಗೂ ನಮ್ಮಲ್ಲಿರೋ ಅಂತರ ಅಲ್ಲಿರಲ್ಲ, ಹದಿನೈದು ವರ್ಷ ಅನುಭವ ಇರೋರಿಗೆ ಇದು ಸ್ವಲ್ಪ ಬೇಜಾರಿನ ವಿಷಯ.

ಯೂನಿಯನ್ ಮೆಂಬರ್ ಎಷ್ಟು ಪರ್ಸೆಂಟ್ ಅಂತ ಮಾತ್ರ ನೋಡ್ಬೇಡಿ. ಫ್ರಾನ್ಸಲ್ಲೂ ಅಮೆರಿಕದಲ್ಲೂ ಸುಮಾರು ಹತ್ತೇ ಪರ್ಸೆಂಟು, ಆದ್ರೆ ಫ್ರಾನ್ಸಲ್ಲಿ ಸರ್ಕಾರನೇ ಒಪ್ಪಂದನ ಇಡೀ ವಲಯಕ್ಕೆ ವಿಸ್ತರಿಸುತ್ತೆ, ಹಾಗಾಗಿ ತೊಂಬತ್ತಕ್ಕೂ ಹೆಚ್ಚು ಪರ್ಸೆಂಟ್ ನೌಕರರಿಗೆ ಸಿಗುತ್ತೆ. ಅಮೆರಿಕದಲ್ಲಿ ಅದು ಆಯಾ ಕಂಪನಿ ಗೇಟಿನ ಒಳಗೇ ಮುಗೀತು, ಒಂದೇ ಕೆಲ್ಸಕ್ಕೆ ರಸ್ತೆ ಆಚೆ ಬೇರೆ ಸಂಬಳ.

ಒಪ್ಪಂದ ಇಲ್ಲದ ಕಂಪನಿ ಆದ್ರೆ ಚೌಕಾಸಿ ನಿಮ್ಮದೇ, ಸೈನ್ ಹಾಕೋ ಮುಂಚೆನೇ ಮುಗಿಸಿ. ರಜೆ ಮರೀಬೇಡಿ: ಜರ್ಮನ್ ಕಾನೂನಲ್ಲಿ ವಾರಕ್ಕೆ 5 ದಿನ ದುಡಿಯೋರಿಗೆ ಕನಿಷ್ಠ 20 ದಿನ, ಮೆಟಲ್ ಒಪ್ಪಂದದಲ್ಲಿ 30, ಆ 30ನ್ನೇ ಕೇಳಿ.