ಸುಳ್ಳು ಹಿಡಿಯಲು ಯಂತ್ರವೋ, ಪ್ರಶ್ನೆಯೋ?

ಹೊಸದಾಗಿ ವಿಚಾರಣೆಗೆ ಕೂರುವವರಿಗೆ ನಾನು ಮೊದಲು ಹೇಳುವುದು: ಮುಖ ನೋಡಿಯೇ ಸುಳ್ಳು ಹಿಡಿಯುತ್ತೇನೆಂಬ ಹಮ್ಮು ಬಿಡಿ. ಮನಶ್ಶಾಸ್ತ್ರಜ್ಞರಾದ ಬಾಂಡ್ ಮತ್ತು ಡಿಪಾಲೊ 2006ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ನೋಡಿದಾಗ ಜನರ ಊಹೆ ಸರಿಬಂದದ್ದು ಸರಾಸರಿ ಶೇ. 54.

ಪಾಲಿಗ್ರಾಫ್, ಅಂದರೆ 'ಸುಳ್ಳು ಪತ್ತೆ ಯಂತ್ರ', ಅಳೆಯುವುದು ಉಸಿರು, ಬೆವರು, ರಕ್ತದೊತ್ತಡವನ್ನು; ಸುಳ್ಳನ್ನಲ್ಲ. ಹೆದರಿದ ನಿರಪರಾಧಿಯ ಗೆರೆಯೂ ಮೇಲೇರುತ್ತದೆ. ಬಳಸಲೇಬೇಕೆಂದರೆ ಮನಶ್ಶಾಸ್ತ್ರಜ್ಞ ಲಿಕ್ಕೆನ್ ರೂಪಿಸಿದ ಪದ್ಧತಿ ವಾಸಿ: "ಕದ್ದದ್ದು ಉಂಗುರವೇ? ಗಡಿಯಾರವೇ? ಸರವೇ?" ಎಂದು ಸಾಲಾಗಿ ಕೇಳಿ, ಕಳ್ಳನಿಗಷ್ಟೇ ಗೊತ್ತಿರುವ ವಸ್ತುವಿಗೆ ಮೈ ಬೇರೆ ರೀತಿ ಸ್ಪಂದಿಸುತ್ತದೆಯೇ ನೋಡಿ. ಕದ್ದ ವಸ್ತು ಯಾವುದೆಂಬ ಸುದ್ದಿ ಆಗಲೇ ಹೊರಬಿದ್ದಿದ್ದರೆ ಇದೂ ದಂಡ.

ನನ್ನ ಒಲವು ಯಂತ್ರವಿಲ್ಲದ ದಾರಿಗೇ. ಸಿಸಿಟಿವಿ ದೃಶ್ಯ ಕೈಲಿದ್ದರೂ ಕೂಡಲೇ ತೋರಿಸಬೇಡಿ (ಕೈ ತುರಿಸುತ್ತದೆ, ಗೊತ್ತು). ಶಂಕಿತನಿಂದ ಅವನ ಕಥೆ ಪೂರ್ತಿ ಹೇಳಿಸಿ, ಬರೆದುಕೊಳ್ಳಿ. "ಆ ಬೀದಿಗೆ ಕಾಲೇ ಇಟ್ಟಿಲ್ಲ" ಅಂದಮೇಲೆ ದೃಶ್ಯ ಮುಂದಿಟ್ಟು ವಿವರಣೆ ಕೇಳಿ.